ಲಬ್ರಡೋರ್ ತೀರದ ವೈದ್ಯರಾದ ಗ್ರೆನ್‌ಫೆಲ್‌ರವರ ಚರಿತ್ರೆ

ಉತ್ತರ ಅಮೆರಿಕ ಖಂಡದ ಈಶಾನ್ಯದ ಅಂಚಿನಲ್ಲಿ ಲಬ್ರಡೋರ್ ಎಂಬ ನಾಡು ಇರುವದು. ಈಗ ಅದು ಕೆನಡಾ ದೇಶಕ್ಕೆ ಸೇರಿದೆ. ಅದರ ಕರಾವಳಿಯು ಬಹುಮಟ್ಟಿಗೆ ಬಂಡೆಗಳೇ. ಉತ್ತರದಿಂದ ಹರಿದು ಬರುವ ತಣ್ಣೀರಿನ ಪ್ರವಾಹವು ಗುಡ್ಡಗಳಂಥ ಹಿಮದ ಗಡ್ಡೆಗಳನ್ನು ತೇಲಿಸಿಕೊಂಡು ಬರುವದು. ಚಳಿಗಾಲದಲ್ಲಿ ಕಡಲೇ ಹೆಪ್ಪುಗಟ್ಟುವದರಿಂದ, ಹಿಂದೆ ನಾಯಿಗಳು ಎಳೆಯುವ ಜಾರುಬಂಡಿಯೇ ಅಲ್ಲಿಯವರ ವಾಹನವಾಗಿತ್ತು. ಕಡಲಿನ ಕಾಡ್ ಮೀನು, ಹಿಮದ ಮೇಲಿನ ಸೀಲ್ ಎಂಬ ಪ್ರಾಣಿ, ಒಳನಾಡಿನಲ್ಲಿ ಹಿಂಡುಹಿಂಡಾಗಿ ತಿರುಗುವ ಕ್ಯಾರಿಬು ಎಂಬ ಜಿಂಕೆ, ಇವೇ ಅವರ ಜೀವನಾಧಾರವಾಗಿದ್ದವು. ಇನುಯಿಟ್ ಜನರೂ ಯುರೋಪಿನಿಂದ ಬಂದು ನೆಲಸಿದವರ ಸಂತತಿಯವರೂ ದೂರದೂರದ ಕೊಲ್ಲಿಗಳಲ್ಲಿ ಕೆಲವೇ ಮನೆಗಳನ್ನು ಕಟ್ಟಿಕೊಂಡಿದ್ದರು.

ಇವರಿಗಾಗಿ ದುಡಿದ ವಿಲ್ಫ್ರೆಡ್ ಗ್ರೆನ್‌ಫೆಲ್‌ರವರು 1865ನೆಯ ಫೆಬ್ರವರಿ 28ರಂದು ಇಂಗ್ಲೆಂಡಿನ ಪಾರ್ಕ್‌ಗೇಟ್ ಎಂಬ ಊರಲ್ಲಿ ಹುಟ್ಟಿದರು. ಲಂಡನಿನಲ್ಲಿ ವೈದ್ಯಶಾಸ್ತ್ರವನ್ನು ಕಲಿಯುತ್ತಿದ್ದಾಗ, ಮೂಡಿ ಎಂಬ ಸುವಾರ್ತಿಕರ ಕೂಟಕ್ಕೆ ಹೋಗಿ ಮನಸ್ಸು ತಿರುಗಿದವರಾದರು. ಬಳಿಕ ಕಡಲಿನ ಮೀನುಗಾರರ ಮಿಶನಿಗೆ ಸೇರಿ, 1892ರಲ್ಲಿ ಆಲ್ಬರ್ಟ್ ಎಂಬ ಹಡಗಿನಲ್ಲಿ ಲಬ್ರಡೋರಿಗೆ ಹೋದರು. ಅಲ್ಲಿ ಒಂದೇ ಬೇಸಿಗೆಯಲ್ಲಿ ಸುಮಾರು 900 ರೋಗಿಗಳನ್ನು ನೋಡಿದರು. ಮರುವರುಷ ಬ್ಯಾಟಲ್ ಹಾರ್ಬರಿನಲ್ಲಿ ಮೊದಲನೆಯ ಆಸ್ಪತ್ರೆಯು ತೆರೆಯಲ್ಪಟ್ಟಿತು.

ಆದರೆ ಔಷಧಕ್ಕೆ ಬಗ್ಗದ ಬೇನೆಯೊಂದು ಅವರ ಕಣ್ಣಿಗೆ ಬಿತ್ತು, ಅದೇ ಸಾಲ. ವರ್ತಕರು ಬಲೆ, ಉಪ್ಪು, ಹಿಟ್ಟುಗಳನ್ನು ಸಾಲವಾಗಿ ಕೊಟ್ಟು, ಶರತ್ಕಾಲದಲ್ಲಿ ತಾವೇ ಗೊತ್ತುಮಾಡಿದ ಬೆಲೆಗೆ ಮೀನನ್ನು ಕೊಂಡುಕೊಳ್ಳುತ್ತಿದ್ದರು. ದುಡಿದವನ ಕೈಗೆ ಕಾಸು ಬರುವದು ಅಪರೂಪ. ಅರೆಹೊಟ್ಟೆಯವರನ್ನು ಕ್ಷಯರೋಗವು ಹಿಡಿಯುತ್ತಿತ್ತು. ಬಿಳಿಹಿಟ್ಟನ್ನೇ ನಂಬಿದವರನ್ನು ಬೆರಿಬೆರಿ ರೋಗವು ಕಾಡುತ್ತಿತ್ತು. ಸಾಲದ ನೊಗವೆಷ್ಟು ಭಾರವೆಂದು ಹಳ್ಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ರೆನ್‌ಫೆಲ್‌ರವರು 1896ರಲ್ಲಿ ರೆಡ್ ಬೇ ಎಂಬಲ್ಲಿ ಮೀನುಗಾರರ ಸಹಕಾರಿ ಅಂಗಡಿಯನ್ನು ತೆರೆಯಿಸಿದರು. ವರ್ತಕರು ವಿರೋಧಿಸಿದರು, ಮುಂದೆ ತೆರೆದ ಇಂಥ ಅಂಗಡಿಗಳಲ್ಲಿ ಕೆಲವು ಮುಚ್ಚಿಯೂ ಹೋದವು. ಆದರೂ ಅವರು ಕೈಬಿಡದೆ ಶಾಲೆಗಳನ್ನೂ ತಬ್ಬಲಿಮಕ್ಕಳಿಗೆ ಮನೆಯನ್ನೂ ಕಟ್ಟಿಸಿದರು.

1908ನೆಯ ಏಪ್ರಿಲಿನಲ್ಲಿ, ಈಸ್ಟರ್ ಹಬ್ಬದ ಕಾಲದಲ್ಲಿ, ಕಾಲು ಕೊಳೆಯುತ್ತಿದ್ದ ಒಬ್ಬ ಹುಡುಗನನ್ನು ನೋಡುವದಕ್ಕೆ ಅವರು ಜಾರುಬಂಡಿಯಲ್ಲಿ ಹೊರಟರು. ಕೊಲ್ಲಿಯನ್ನು ದಾಟುತ್ತಿರುವಾಗ ಹಿಮವು ಒಡೆದು, ಬಂಡಿಯು ಮುಳುಗಿತು. ನಾಯಿಗಳೊಂದಿಗೆ ಅವರು ಒಂದು ಹಿಮದ ತುಂಡನ್ನು ಹತ್ತಿದರು. ಗಾಳಿಯು ಅದನ್ನು ಕಡಲಿಗೆ ನೂಕುತ್ತಿತ್ತು. ಚಳಿಗೆ ಸಾಯದಂತೆ, ಬಹು ಸಂಕಟದಿಂದ ಮೂರು ನಾಯಿಗಳನ್ನು ಕೊಂದು ಅವುಗಳ ತೊಗಲನ್ನು ಹೊದ್ದು ರಾತ್ರಿಯನ್ನು ಕಳೆದರು. ಬೆಳಗಾದ ಮೇಲೆ ಆ ನಾಯಿಗಳ ಕಾಲೆಲುಬುಗಳನ್ನೇ ಕೋಲಾಗಿ ಕಟ್ಟಿ, ತಮ್ಮ ಅಂಗಿಯನ್ನು ಬಾವುಟವಾಗಿ ಬೀಸಿದರು. ತೀರದ ಬಡ ಮೀನುಗಾರರು ತೇಲುವ ಹಿಮದ ನಡುವೆ ಪ್ರಾಣವನ್ನು ಲಕ್ಷಿಸದೆ ದೋಣಿಯನ್ನು ನಡಿಸಿ ಅವರನ್ನು ಬಿಡಿಸಿಕೊಂಡರು. ಆ ಹುಡುಗನನ್ನು ಬಳಿಕ ದೋಣಿಯಲ್ಲಿ ಆಸ್ಪತ್ರೆಗೆ ತಂದರು. ಸತ್ತ ನಾಯಿಗಳ ನೆನಪಿಗಾಗಿ ಗ್ರೆನ್‌ಫೆಲ್‌ರವರು ಹೆಸರುಗಳುಳ್ಳ ಫಲಕವನ್ನು ಇಡಿಸಿದರು.

1927ರಲ್ಲಿ ಅರಸರಿಂದ ಸರ್ ಎಂಬ ಬಿರುದು ದೊರಕಿತು. 1940ನೆಯ ಅಕ್ಟೋಬರ್ 9ರಂದು ಅಮೆರಿಕದಲ್ಲಿ ನಿದ್ರೆಹೋದರು. ಅವರ ಅಸ್ಥಿಭಸ್ಮವು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಆಂಟನಿಯಲ್ಲಿ, ಅವರ ಆಸ್ಪತ್ರೆಯಿದ್ದ ಊರಿನಲ್ಲಿಯೇ, ಇಡಲ್ಪಟ್ಟಿದೆ. 1981ರಲ್ಲಿ ಆ ಆಸ್ಪತ್ರೆಗಳ ಕಾರ್ಯವು ಸರಕಾರದ ವಶವಾಯಿತು.

ಪ್ರಿಯರೇ, ರಕ್ಷಿಸಲು ಹೋದವರನ್ನು ಬಡವರೇ ರಕ್ಷಿಸಿದರೆಂಬದನ್ನು ನಾವು ಮರೆಯದಿರೋಣ. ರೋಗಿಯ ಹಾಸಿಗೆಯ ಬಳಿ ಪ್ರಾರ್ಥಿಸುವ ನಾವು, ಅವನ ಮನೆಯ ಹಿಟ್ಟಿನ ಮಡಕೆಯನ್ನೂ ಸಾಲದ ಚೀಟಿಯನ್ನೂ ವಿಚಾರಿಸುವವರಾಗೋಣ.