50 ಪ್ರತಿಯಿಂದ ಹಾಲ್ ಆಫ್ ಫೇಮ್‌ವರೆಗೆ: ಎಲ್ಲರೂ ಕೂಡಿ ಆಡಲಿ ಎಂದ ಡ್ಯಾನಿಯೆಲ್ ಬಂಟನ್ ಬೆರ್ರಿ

ಇಂದು ಮೊಬೈಲ್ ತೆರೆದರೆ ಸಾಕು, ಮುಂಬೈನಲ್ಲಿರುವ ಅಣ್ಣ, ದೆಹಲಿಯಲ್ಲಿರುವ ತಂಗಿ, ಊರಿನಲ್ಲಿರುವ ಗೆಳೆಯ ಒಂದೇ ಗೇಮ್‌ನಲ್ಲಿ ಎದುರುಬದುರಾಗಿ ಆಡಬಹುದು. ಆದರೆ ಕಂಪ್ಯೂಟರ್ ಗೇಮ್ ಎಂದರೆ ಒಬ್ಬರೇ ಕುಳಿತು ಆಡುವುದು ಎಂದು ಎಲ್ಲರೂ ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಯ ವಿರುದ್ಧ ಇಪ್ಪತ್ತು ವರ್ಷ ಕೆಲಸ ಮಾಡಿ, ಅದರ ಲಾಭ ಕಾಣುವ ಮೊದಲೇ ಕಣ್ಮುಚ್ಚಿದವರು ಅಮೆರಿಕದ ಡ್ಯಾನಿಯೆಲ್ ಬಂಟನ್ ಬೆರ್ರಿ.

ಬಂಟನ್ ಹುಟ್ಟಿದ್ದು 1949ರ ಫೆಬ್ರವರಿ 19ರಂದು, ಸೇಂಟ್ ಲೂಯಿಸ್ ನಗರದಲ್ಲಿ. ಮುಂದೆ ನೆಲೆಸಿದ್ದು ಅರ್ಕನ್ಸಾಸ್ ರಾಜ್ಯದ ಲಿಟಲ್ ರಾಕ್‌ನಲ್ಲಿ. ಆರು ಮಕ್ಕಳಲ್ಲಿ ಹಿರಿಯರು. ಹುಟ್ಟಿದಾಗ ಇಟ್ಟ ಹೆಸರು ಡ್ಯಾನಿಯಲ್; ಆರಂಭದ ಗೇಮ್‌ಗಳೆಲ್ಲ ಡ್ಯಾನ್ ಬಂಟನ್ ಎಂಬ ಹೆಸರಿನಲ್ಲೇ ಬಂದವು. ಮನೆಯಲ್ಲಿ ನೆಮ್ಮದಿ ಕಡಿಮೆ ಇತ್ತು. ಎಲ್ಲರೂ ಜಗಳವಿಲ್ಲದೆ ಒಟ್ಟಿಗೆ ಕೂರುತ್ತಿದ್ದದ್ದು ಬೋರ್ಡ್ ಗೇಮ್ ಆಡುವಾಗ ಮಾತ್ರ. ಈ ನೆನಪೇ ಮುಂದೆ ಅವರ ಎಲ್ಲ ಗೇಮ್‌ಗಳ ಬೇರಾಯಿತು.

ಕಾಲೇಜಿನ ದಿನಗಳಲ್ಲಿ ಸೈಕಲ್ ಅಂಗಡಿ ನಡೆಸಿದ ಬಂಟನ್, 1974ರಲ್ಲಿ ಅರ್ಕನ್ಸಾಸ್ ವಿಶ್ವವಿದ್ಯಾಲಯದಿಂದ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪದವಿ ಪಡೆದರು. ಕೆಲಸ ಸಿಕ್ಕಿತು, ಸಂಬಳವೂ ಬರುತ್ತಿತ್ತು. ಆದರೆ ಬಿಡುವು ಸಿಕ್ಕಾಗಲೆಲ್ಲ ಗೇಮ್ ರೂಪಿಸುವುದೇ ಅವರ ಗೀಳು.

ಮೊದಲ ಗೇಮ್, 50 ಪ್ರತಿ

1978ರಲ್ಲಿ ಆಪಲ್ 2 ಕಂಪ್ಯೂಟರ್‌ಗಾಗಿ ಬಂಟನ್ ಬರೆದ ಮೊದಲ ಗೇಮ್ 'ವ್ಹೀಲರ್ ಡೀಲರ್ಸ್'. ನಾಲ್ವರು ಒಂದೇ ಕಂಪ್ಯೂಟರ್ ಮುಂದೆ ಕುಳಿತು ಹರಾಜು ಕೂಗುವ ವ್ಯಾಪಾರದ ಆಟ ಅದು. ನಾಲ್ವರಿಗೆ ಒಂದೇ ಕೀಬೋರ್ಡ್ ಸಾಲದು ಎಂದು ಗುಂಡಿಗಳಿರುವ ವಿಶೇಷ ಕಂಟ್ರೋಲರ್ ಕೂಡ ಜೊತೆಗೆ ಕೊಡಬೇಕಾಯಿತು.

ಆಗ ಗೇಮ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸುಮಾರು 15 ಡಾಲರ್‌ಗೆ ಮಾರುತ್ತಿದ್ದರು. ಬಂಟನ್ ಗೇಮ್‌ಗೆ ದೊಡ್ಡ ಪೆಟ್ಟಿಗೆ, ಬೆಲೆ 35 ಡಾಲರ್. ಕೆನಡಾದ ಸಣ್ಣ ಕಂಪನಿಯೊಂದು ಅದನ್ನು ಮಾರುಕಟ್ಟೆಗೆ ತಂದಿತು. ಮಾರಾಟವಾದದ್ದು ಕೇವಲ 50 ಪ್ರತಿ.

ಮತ್ತೊಬ್ಬರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರೇನೋ. ಬಂಟನ್ ಮಾತ್ರ ಯುದ್ಧತಂತ್ರದ ಗೇಮ್‌ಗಳಿಗೆ ಹೆಸರಾಗಿದ್ದ ಎಸ್‌ಎಸ್‌ಐ ಕಂಪನಿಗೆ ಒಂದರ ಹಿಂದೊಂದು ಗೇಮ್ ಕೊಟ್ಟರು. 'ಕಂಪ್ಯೂಟರ್ ಕ್ವಾರ್ಟರ್‌ಬ್ಯಾಕ್', 'ಕಾರ್ಟೆಲ್ಸ್ ಅಂಡ್ ಕಟ್‌ಥ್ರೋಟ್ಸ್' ಮತ್ತು 'ಸೈಟ್ರಾನ್ ಮಾಸ್ಟರ್ಸ್' ಈ ಅವಧಿಯವು.

ಬಾಗಿಲು ತೆರೆದ 'ಮ್ಯೂಲ್'

1982ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಕಟ್ಟಿದ ಟ್ರಿಪ್ ಹಾಕಿನ್ಸ್‌ಗೆ 'ಕಾರ್ಟೆಲ್ಸ್' ಬಹಳ ಹಿಡಿಸಿತ್ತು. ಅದರ ಹಕ್ಕು ಕೇಳಿದರು; ಎಸ್‌ಎಸ್‌ಐ ಕೊಡಲಿಲ್ಲ. ಹಾಗಾದರೆ ಅದನ್ನು ಮಾಡಿದವರಿಂದಲೇ ಹೊಸತೊಂದನ್ನು ಮಾಡಿಸೋಣ ಎಂದು ಹಾಕಿನ್ಸ್ ಬಂಟನ್ ಬಳಿ ಬಂದರು.

ಬಂಟನ್ ತಮ್ಮ ಬಿಲ್ ಮತ್ತು ಜಿಮ್ ರಶಿಂಗ್, ಅಲನ್ ವಾಟ್ಸನ್ ಅವರನ್ನು ಸೇರಿಸಿಕೊಂಡು ಓಝಾರ್ಕ್ ಸಾಫ್ಟ್‌ಸ್ಕೇಪ್ ಎಂಬ ತಂಡ ಕಟ್ಟಿದರು. ಸಿಲಿಕಾನ್ ವ್ಯಾಲಿಗೆ ಹೋಗಲಿಲ್ಲ. ಲಿಟಲ್ ರಾಕ್‌ನಲ್ಲೇ ಉಳಿದರು. ಅಲ್ಲಿ ತಯಾರಾಗಿ 1983ರಲ್ಲಿ ಬಂದದ್ದೇ 'ಮ್ಯೂಲ್'.

ಇರಾಟಾ ಎಂಬ ಗ್ರಹದಲ್ಲಿ ನಾಲ್ವರು ಜಮೀನು ಪಡೆದು ಆಹಾರ, ಇಂಧನ, ಅದಿರು ಬೆಳೆಸಿ ಹರಾಜಿನಲ್ಲಿ ಮಾರುವ ಆಟ ಇದು. ಇರಾಟಾ ಎಂಬುದು ಅಟಾರಿಯನ್ನು ತಿರುಗಿಸಿ ಬರೆದ ಹೆಸರು. ಅಟಾರಿ 800 ಕಂಪ್ಯೂಟರ್‌ಗೆ ನಾಲ್ಕು ಜಾಯ್‌ಸ್ಟಿಕ್ ಸಿಕ್ಕಿಸಬಹುದಿತ್ತು. ಹೀಗಾಗಿ ಮನೆಮಂದಿ ಚೌಕಾಬಾರದ ಸುತ್ತ ಕೂರುವಂತೆ ಟಿವಿ ಮುಂದೆ ಕೂರಬಹುದಾಗಿತ್ತು.

ಆಟದ ಜಾಣತನ ಇರುವುದು ನಿಯಮದಲ್ಲಿ. ಹೆಚ್ಚು ಗಳಿಸಿದವರು ಗೆಲ್ಲುತ್ತಾರೆ ನಿಜ. ಆದರೆ ಅತಿ ಆಸೆಯಿಂದ ಎಲ್ಲರಿಗೂ ಆಹಾರ ಸಿಗದಂತೆ ಮಾಡಿದರೆ ಇಡೀ ವಸಾಹತೇ ಸೋಲುತ್ತದೆ. ಹಿಂದೆ ಬಿದ್ದವರಿಗೆ ಅದೃಷ್ಟ ಸ್ವಲ್ಪ ಕೈಹಿಡಿಯುತ್ತದೆ. ಮೊದಲ ಸುತ್ತಿನಲ್ಲೇ ಸೋತು ಯಾರೂ ಎದ್ದು ಹೋಗಬಾರದು ಎಂಬುದೇ ಬಂಟನ್ ಲೆಕ್ಕಾಚಾರ.

ವಿಮರ್ಶಕರು ಮೆಚ್ಚಿದರು. ಆದರೆ ಮಾರಾಟ ಸುಮಾರು 30 ಸಾವಿರ ಪ್ರತಿಗೆ ನಿಂತಿತು. ಕೊಂಡವರಿಗಿಂತ ಡಿಸ್ಕ್ ನಕಲು ಮಾಡಿಕೊಂಡು ಆಡಿದವರೇ ಬಹಳ.

ಹಣ ಒಂದು ಕಡೆ, ಮನಸ್ಸು ಇನ್ನೊಂದು ಕಡೆ

1984ರ 'ದಿ ಸೆವೆನ್ ಸಿಟೀಸ್ ಆಫ್ ಗೋಲ್ಡ್' ಒಬ್ಬರೇ ಆಡುವ ಆಟ. ಹೊಸ ಖಂಡ ಹುಡುಕುತ್ತಾ ಹೋಗುವ ಈ ಗೇಮ್ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 1985ರಲ್ಲಿ ಅದೇ ಜಾಡಿನ 'ಹಾರ್ಟ್ ಆಫ್ ಆಫ್ರಿಕಾ' ಬಂತು. ಅದೇ ದಾರಿಯಲ್ಲಿ ಸಾಗಿದ್ದರೆ ಹಣಕ್ಕೆ ಕೊರತೆ ಇರುತ್ತಿರಲಿಲ್ಲ.

ಆದರೆ ಬಂಟನ್ ಮತ್ತೆ ಹಲವರು ಕೂಡಿ ಆಡುವ ಗೇಮ್‌ಗೇ ಮರಳಿದರು. 1986ರ 'ರೋಬೋಟ್ ರಾಸ್ಕಲ್ಸ್' ಗೇಮ್‌ನಲ್ಲಿ ಇಸ್ಪೀಟಿನಂಥ ಎಲೆಗಳಿದ್ದವು. ಒಬ್ಬರೇ ಆಡುವ ಅವಕಾಶವೇ ಇರಲಿಲ್ಲ. ಅದು ಮಾರಾಟವಾದದ್ದು ಸುಮಾರು 9 ಸಾವಿರ. 1988ರ 'ಮೋಡೆಮ್ ವಾರ್ಸ್' ದೂರವಾಣಿ ತಂತಿಯ ಮೂಲಕ ಇಬ್ಬರು ಆಡುವ ಆಟ. ಆಗ ಮೋಡೆಮ್ ಇದ್ದ ಮನೆಗಳೇ ವಿರಳ. ಮೈಕ್ರೋಪ್ರೋಸ್ ಕಂಪನಿಗಾಗಿ ಮಾಡಿದ 'ಕಮಾಂಡ್ ಎಚ್‌ಕ್ಯೂ' 1990ರಲ್ಲಿ, 'ಗ್ಲೋಬಲ್ ಕಾಂಕ್ವೆಸ್ಟ್' 1992ರಲ್ಲಿ ಬಂದವು. ಎರಡನೆಯದು ನಾಲ್ವರು ನೆಟ್‌ವರ್ಕ್‌ನಲ್ಲಿ ಆಡಬಹುದಾದ ಆರಂಭದ ಗೇಮ್‌ಗಳಲ್ಲೊಂದು.

ಈ ನಡುವೆ 'ಮ್ಯೂಲ್' ಅನ್ನು ಸೆಗಾ ಜೆನೆಸಿಸ್‌ಗೆ ತರುವ ಯೋಜನೆ ಹುಟ್ಟಿತು. ಅದಕ್ಕೆ ಬಂದೂಕು, ಬಾಂಬ್ ಸೇರಿಸಬೇಕು ಎಂಬ ಬೇಡಿಕೆ ಬಂತು. ಹಾಗೆ ಮಾಡಿದರೆ ಆಟದ ಆತ್ಮವೇ ಹೋಗುತ್ತದೆ ಎಂದು ಬಂಟನ್ ಒಪ್ಪಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು.

ಕೊನೆಯ ವರ್ಷಗಳು

1992ರ ಕೊನೆಯಲ್ಲಿ ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಂಟನ್, ನಂತರ ಡ್ಯಾನಿಯೆಲ್ ಆಗಿ ಬದುಕಿದರು. ಮೊದಲಿನಂತೆ ಹೆಚ್ಚು ಗೇಮ್ ಬರಲಿಲ್ಲ. ಇಂಟರ್‌ನೆಟ್ ಮನೆಮನೆಗೆ ಬರತೊಡಗಿದಾಗ ಮಾತ್ರ ಅವರು ವರ್ಷಗಳಿಂದ ಕಾಯುತ್ತಿದ್ದ ಕಾಲ ಬಂದಂತಾಯಿತು. 1997ರಲ್ಲಿ 'ಮೋಡೆಮ್ ವಾರ್ಸ್' ಆಟವೇ 'ವಾರ್‌ಸ್ಪೋರ್ಟ್' ಎಂಬ ಹೊಸ ರೂಪದಲ್ಲಿ ಆನ್‌ಲೈನ್‌ಗೆ ಬಂತು.

ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಾಡಿತು. 1998ರ ಮೇ ತಿಂಗಳಲ್ಲಿ ಗೇಮ್ ಡೆವಲಪರ್‌ಗಳ ಸಂಘ ಅವರಿಗೆ ಜೀವಮಾನ ಸಾಧನೆ ಪ್ರಶಸ್ತಿ ನೀಡಿತು. ಜುಲೈ 3ರಂದು, 49ನೇ ವಯಸ್ಸಿನಲ್ಲಿ ಬಂಟನ್ ತೀರಿಕೊಂಡರು. ಇಂಟರ್‌ನೆಟ್‌ನಲ್ಲಿ ಆಡುವ 'ಮ್ಯೂಲ್' ರೂಪಿಸುವ ಕೆಲಸ ಅರ್ಧಕ್ಕೇ ಉಳಿಯಿತು.

ಎರಡು ವರ್ಷಗಳ ನಂತರ ಬಂದ 'ದಿ ಸಿಮ್ಸ್' ಜಗತ್ತಿನಾದ್ಯಂತ ಭರ್ಜರಿಯಾಗಿ ಮಾರಾಟವಾಯಿತು. ಅದನ್ನು ರೂಪಿಸಿದ ವಿಲ್ ರೈಟ್ ಆ ಗೇಮ್ ಅನ್ನು ಬಂಟನ್ ನೆನಪಿಗೆ ಅರ್ಪಿಸಿದರು. 2007ರಲ್ಲಿ ಅವರ ಹೆಸರು ಅಕಾಡೆಮಿ ಆಫ್ ಇಂಟರಾಕ್ಟಿವ್ ಆರ್ಟ್ಸ್ ಅಂಡ್ ಸೈನ್ಸಸ್‌ನ ಹಾಲ್ ಆಫ್ ಫೇಮ್ ಸೇರಿತು. 50 ಪ್ರತಿ ಮಾರಾಟವಾದ ಗೇಮ್‌ನಿಂದ ಶುರುವಾದ ಹಾದಿ ಅಲ್ಲಿಗೆ ತಲುಪಿತು. ಬಂಟನ್ ಬಯಸಿದಂತೆ ಜನ ಕೂಡಿ ಆಡುತ್ತಿದ್ದಾರೆ. ಅದನ್ನು ನೋಡಲು ಅವರಿಲ್ಲ, ಅಷ್ಟೆ.