ಯಂತ್ರಕ್ಕೆ ಮೊದಲು ಮನುಷ್ಯರನ್ನು ಸಜ್ಜುಗೊಳಿಸಿದ ಮಹಲನೋಬಿಸ್

ಕಂಪ್ಯೂಟರ್ ಎಂಬುದು ಒಂದು ಕಾಲದಲ್ಲಿ ಯಂತ್ರದ ಹೆಸರಾಗಿರಲಿಲ್ಲ, ಹುದ್ದೆಯ ಹೆಸರಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಮೇಜಿನ ಮುಂದೆ ಕುಳಿತು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ನೌಕರನನ್ನು ಹಾಗೆ ಕರೆಯುತ್ತಿದ್ದರು. ಗಣಕ ಎಂಬ ನಮ್ಮ ಮಾತಿನ ಕಥೆಯೂ ಅದೇ. ಎಣಿಸುವ ಮನುಷ್ಯನಿಗೆ ಸಲ್ಲುತ್ತಿದ್ದ ಹೆಸರು ಎಣಿಸುವ ಯಂತ್ರಕ್ಕೆ ಸಂದದ್ದು ತೀರ ಇತ್ತೀಚೆಗೆ.

1931ರ ಡಿಸೆಂಬರ್ 17ರಂದು ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಜನ್ಮ ತಾಳಿದಾಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದ ಕೋಣೆಯೇ ಅದರ ನೆಲೆ. ಸಿಬ್ಬಂದಿ ಎಂದರೆ ಅರೆಕಾಲಿಕ ಗಣಕನೊಬ್ಬ. ಮೊದಲ ವರ್ಷದ ಖರ್ಚು 250 ರೂಪಾಯಿಯನ್ನೂ ಮುಟ್ಟಲಿಲ್ಲ. ಇದಾಗಿ ಕಾಲು ಶತಮಾನ ಕಳೆಯುವಷ್ಟರಲ್ಲಿ, 1956ರಲ್ಲಿ, ಭಾರತದ ಮೊತ್ತಮೊದಲ ಡಿಜಿಟಲ್ ಕಂಪ್ಯೂಟರ್ ಕೆಲಸ ಆರಂಭಿಸಿದ್ದು ಅದೇ ಸಂಸ್ಥೆಯಲ್ಲಿ.

ಈ ಎರಡು ದಿನಾಂಕಗಳ ನಡುವಿನ ದಾರಿಯನ್ನು ನಿರ್ಮಿಸಿದವರು ಪ್ರಶಾಂತಚಂದ್ರ ಮಹಲನೋಬಿಸ್. ಪಂಚವಾರ್ಷಿಕ ಯೋಜನೆಯ ಶಿಲ್ಪಿ ಎಂದು ಶಾಲಾಪಠ್ಯಗಳು ಅವರನ್ನು ಪರಿಚಯಿಸುತ್ತವೆ. ಆದರೆ ಅಂಕಿಗಳೊಡನೆ ವ್ಯವಹರಿಸಬಲ್ಲ ಜನರನ್ನು ಒಂದು ಬಡದೇಶ ಹೇಗೆ ತಯಾರು ಮಾಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಡಿಜಿಟಲ್ ಕೌಶಲದ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ದಿನಗಳಲ್ಲಿ ಆ ಉತ್ತರವನ್ನು ನೆನೆಯುವುದು ಉಚಿತ.

ತಪ್ಪಿದ ರೈಲು, ಸಿಕ್ಕಿದ ದಾರಿ

ಮಹಲನೋಬಿಸ್ ಜನಿಸಿದ್ದು 1893ರ ಜೂನ್ 29ರಂದು, ಕಲ್ಕತ್ತೆಯ ಬ್ರಾಹ್ಮಸಮಾಜದ ಕುಟುಂಬವೊಂದರಲ್ಲಿ. 1912ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಭೌತಶಾಸ್ತ್ರದ ಪದವಿ ಪಡೆದು, ಮರುವರ್ಷ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನಲ್ಲಿ ಓದಬೇಕೆಂಬುದು ಅವರ ಇಚ್ಛೆಯಾಗಿತ್ತು. ಕೇಂಬ್ರಿಜ್ ನೋಡಲು ಹೋದವರು ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಚೆಲುವಿಗೆ ಮನಸೋತು ನಿಂತರು. ಲಂಡನ್ನಿಗೆ ಹಿಂದಿರುಗುವ ರೈಲು ತಪ್ಪಿತು. ಅಲ್ಲೇ ಉಳಿದು ಅದೇ ಕಾಲೇಜನ್ನು ಸೇರಿದರು.

ಶ್ರೀನಿವಾಸ ರಾಮಾನುಜನ್ ಅವರೊಡನೆ ಗೆಳೆತನ ಬೆಳೆದದ್ದು ಅಲ್ಲಿ. ಚಳಿಯಲ್ಲಿ ನಡುಗುತ್ತ ಹಾಸಿಗೆಯ ಹೊದಿಕೆಗಳ ಮೇಲೆಯೇ ಮಲಗುತ್ತಿದ್ದ ಆ ಮಹಾಗಣಿತಜ್ಞನಿಗೆ, ಹೊದಿಕೆಯ ಒಳಗೆ ಮಲಗುವ ಬಗೆಯನ್ನು ತೋರಿಸಿಕೊಟ್ಟವರು ಮಹಲನೋಬಿಸ್. ಲೋಕಜ್ಞಾನ ಬೇರೆ, ವಿದ್ವತ್ತು ಬೇರೆ ಎಂಬ ಅರಿವು ಅವರಿಗೆ ಆಗಲೇ ಆಗಿದ್ದಿರಬಹುದು.

1915ರಲ್ಲಿ ಊರಿಗೆ ಹೊರಡುವ ಹೊತ್ತಿಗೆ ಅಧ್ಯಾಪಕರೊಬ್ಬರು ಬಯೋಮೆಟ್ರಿಕಾ ಎಂಬ ಪತ್ರಿಕೆಯತ್ತ ಅವರ ಗಮನ ಸೆಳೆದರು. ಅದರ ಸಂಪುಟಗಳನ್ನೆಲ್ಲ ಕೊಂಡು ಹಡಗಿನಲ್ಲೇ ಓದಲಾರಂಭಿಸಿದರು. ಮಾನವಶಾಸ್ತ್ರ, ಹವಾಮಾನ, ಬೇಸಾಯ ಎಲ್ಲದಕ್ಕೂ ಅನ್ವಯಿಸಬಲ್ಲ ಹೊಸ ವಿಜ್ಞಾನವೊಂದು ಅವರಿಗೆ ಗೋಚರಿಸಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಲೇ ಈ ವಿಜ್ಞಾನದ ಸಾಧನೆಗೆ ತೊಡಗಿದರು.

ಹೊಸ ವಿದ್ಯೆಯ ಬೆಲೆ ಏನೆಂಬುದು ಒರಿಸ್ಸಾದಲ್ಲಿ ಸಿದ್ಧವಾಯಿತು. 1926ರಲ್ಲಿ ಅಲ್ಲಿ ನದಿಗಳು ಉಕ್ಕಿ ಹರಿದಾಗ, ನದೀಪಾತ್ರ ಮೇಲೇರಿದೆ, ಆದ್ದರಿಂದ ಒಡ್ಡುಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಅಭಿಪ್ರಾಯಪಟ್ಟಿದ್ದರು. ಮಹಲನೋಬಿಸ್ ಹಲವು ದಶಕಗಳ ಮಳೆ ಮತ್ತು ನೀರಿನ ಮಟ್ಟದ ದಾಖಲೆಗಳನ್ನು ಜಾಲಾಡಿದರು. ನದೀಪಾತ್ರ ಏರಿರಲೇ ಇಲ್ಲ. ನದಿಯ ಮೇಲ್ಭಾಗದಲ್ಲಿ ಅಣೆಕಟ್ಟೆ ಕಟ್ಟಿ ಪ್ರವಾಹವನ್ನು ನಿಯಂತ್ರಿಸುವುದೇ ಸರಿಯಾದ ದಾರಿ ಎಂದು ಅವರ ಲೆಕ್ಕ ಹೇಳಿತು. ಮುಂದೆ ಮಹಾನದಿಗೆ ಹಿರಾಕುಡ್ ಅಣೆಕಟ್ಟು ಬಂದಾಗ ಆ ಲೆಕ್ಕಕ್ಕೆ ಮನ್ನಣೆ ದೊರೆಯಿತು.

ತಪ್ಪನ್ನು ಹಿಡಿಯುವ ವಿದ್ಯೆ

1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯ ಅಂದಾಜು ಅವರ ಪಾಲಿಗೆ ಬಂತು. ಪ್ರತಿಯೊಂದು ಹೊಲವನ್ನೂ ಅಳೆಯಲು ಸಾವಿರಾರು ಜನ ಬೇಕು, ಅಪಾರ ಹಣ ಬೇಕು. ಅದರ ಬದಲು ಚೀಟಿ ಎತ್ತಿದಂತೆ ಆಯ್ದ ಕೆಲವೇ ತುಂಡು ನೆಲಗಳನ್ನು ಎಚ್ಚರದಿಂದ ಅಳೆದರೆ, ಬಹಳ ಕಡಿಮೆ ವೆಚ್ಚದಲ್ಲಿ ನಂಬಲರ್ಹವಾದ ಅಂದಾಜು ದೊರೆಯುತ್ತದೆ ಎಂಬುದನ್ನು ಅವರು ಮಾಡಿ ತೋರಿಸಿದರು. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ನೋಡುವ ಗೃಹಿಣಿಯ ಜಾಣ್ಮೆಗೆ ಇದು ಗಣಿತದ ರೂಪ.

ಆದರೆ ಅಳೆಯುವವನೇ ತಪ್ಪಿದರೆ? ಮರದ ನೆರಳಿನಲ್ಲಿ ಕುಳಿತು ಮನಸ್ಸಿಗೆ ತೋರಿದ ಅಂಕಿಯನ್ನು ತುಂಬಿಬಿಟ್ಟರೆ? ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ಮಾದರಿಗಳನ್ನು ಆಯ್ದು, ಎರಡು ಬೇರೆ ಬೇರೆ ತಂಡಗಳನ್ನು ಕಳುಹಿಸುವುದು. ಎರಡು ಉತ್ತರಗಳ ನಡುವೆ ಅಂತರ ಹೆಚ್ಚಿದರೆ ಎಲ್ಲೋ ದೋಷವಿದೆ ಎಂದು ತಿಳಿಯುತ್ತದೆ. ಲೆಕ್ಕ ಮಾಡುವುದಷ್ಟೇ ಕೌಶಲವಲ್ಲ, ಮಾಡಿದ ಲೆಕ್ಕವನ್ನು ಸಂದೇಹಿಸುವುದೂ ಕೌಶಲವೆಂಬ ಪಾಠ ಇದರಲ್ಲಿ ಅಡಗಿತ್ತು.

ಆ ಪಾಠದ ತುರ್ತು 1943ರ ಬಂಗಾಳದ ಕ್ಷಾಮದಲ್ಲಿ ಭೀಕರವಾಗಿ ಕಂಡಿತು. ಲಕ್ಷಾಂತರ ಜನ ಹಸಿವಿನಿಂದ ಸತ್ತ ಆ ದುರಂತದ ಪರಿಣಾಮಗಳನ್ನು ಅರಿಯಲು ಸಂಸ್ಥೆ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಯಾರು ಜಮೀನು ಮಾರಿದರು, ಯಾರು ಕೂಲಿಗಿಳಿದರು ಎಂಬುದು ಕಾಗದದ ಮೇಲೆ ಮೂಡಿತು. ಅವರ ಪಾಲಿಗೆ ಅಂಕಿ ಎಂಬುದು ವಿದ್ವಾಂಸರ ವಿನೋದವಾಗಿ ಉಳಿಯಲಿಲ್ಲ.

ಹಡಗಲಿಯಿಂದ ಬಂದ ಯುವಕ

ಇಂಥ ಕೆಲಸಕ್ಕೆ ಜನರೆಲ್ಲಿ? ಸಂಖ್ಯಾಶಾಸ್ತ್ರವೆಂಬ ವಿಷಯವೇ ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸದು. ಮಹಲನೋಬಿಸ್ ಶಾಲೆಯನ್ನೂ ಕಾರ್ಯಾಗಾರವನ್ನೂ ಒಂದೇ ಸೂರಿನಡಿ ತಂದರು. 1933ರಲ್ಲಿ ಸಂಖ್ಯಾ ಎಂಬ ಸಂಶೋಧನಾ ಪತ್ರಿಕೆ ಹೊರಟಿತು. 1941ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ತರಗತಿ ಆರಂಭವಾಯಿತು.

ಆ ಮೊದಲ ತಂಡದಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದ ಯುವಕನೊಬ್ಬನಿದ್ದ. 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿ, ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿತು, ಕೆಲಸ ಹುಡುಕುತ್ತ ಕಲ್ಕತ್ತೆಗೆ ಬಂದಿದ್ದ ಸಿ.ಆರ್. ರಾವ್. ಉದ್ಯೋಗ ದೊರೆಯಲಿಲ್ಲ, ಸಂಸ್ಥೆಯ ತರಬೇತಿ ದೊರೆಯಿತು. 1946ರಲ್ಲಿ ಸಂಸ್ಥೆ ಅವರನ್ನು ಕೇಂಬ್ರಿಜ್‌ಗೆ ಕಳುಹಿಸಿತು. ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ಮಹಲನೋಬಿಸ್ ಅವರೇ ರೂಪಿಸಿದ ದೂರಮಾನದ ವಿಧಾನದಿಂದ ವಿಶ್ಲೇಷಿಸುವುದು ಅವರ ಕೆಲಸ. ಜಗತ್ತಿನ ಅಗ್ರಗಣ್ಯ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾಗಿ ಬೆಳೆದ ರಾವ್, 2023ರಲ್ಲಿ ತಮ್ಮ 102ನೇ ವಯಸ್ಸಿನಲ್ಲಿ ನಿಧನರಾದರು. ಒಬ್ಬ ನಿರುದ್ಯೋಗಿ ಪದವೀಧರನಿಗೆ ಸರಿಯಾದ ಸಮಯದಲ್ಲಿ ದೊರೆತ ತರಬೇತಿ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಸ್ವಾತಂತ್ರ್ಯ ಬಂದಾಗ ಪ್ರಧಾನಿ ನೆಹರೂ ಅವರಿಗೆ ದೇಶದ ಬಡತನದ ಸ್ಪಷ್ಟ ಚಿತ್ರ ಬೇಕಾಗಿತ್ತು. 1949ರಲ್ಲಿ ಮಹಲನೋಬಿಸ್ ಸಚಿವ ಸಂಪುಟದ ಸಂಖ್ಯಾಶಾಸ್ತ್ರ ಸಲಹೆಗಾರರಾದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಮೊದಲ ಸುತ್ತಿಗೆ ಆಯ್ದ ಹಳ್ಳಿಗಳು 1,833. ಊರೂರಿಗೆ ಭಾಷೆ ಬೇರೆ, ಅಳತೆ ಬೇರೆ. ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮನಲ್ಲ. ಕಾಲ್ನಡಿಗೆಯಲ್ಲಿ ಮನೆ ಮನೆಗೆ ಹೋಗಿ, ಇಷ್ಟು ಉಂಡಿರಿ, ಇಷ್ಟು ಉಟ್ಟಿರಿ ಎಂದು ಕೇಳಿ ಬರೆದುಕೊಂಡು ಬಂದ ತನಿಖಾಕಾರರೇ ಈ ದೇಶದ ದತ್ತಾಂಶ ವ್ಯವಸ್ಥೆಯ ಅಡಿಗಲ್ಲು. ಅದೇ ವರ್ಷ ಏಷ್ಯಾ, ಆಫ್ರಿಕಾ ದೇಶಗಳ ವಿದ್ಯಾರ್ಥಿಗಳಿಗಾಗಿ ಯುನೆಸ್ಕೋ ಸಹಯೋಗದಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಶಿಕ್ಷಣ ಕೇಂದ್ರವೂ ಕಲ್ಕತ್ತೆಯಲ್ಲಿ ತೆರೆಯಿತು.

ಗುಜರಿಯಿಂದ ಗಣಕಯಂತ್ರಕ್ಕೆ

ಸಮೀಕ್ಷೆಯ ಕಾಗದಗಳು ರಾಶಿಯಾದವು. ಕೈಯಿಂದ ಲೆಕ್ಕ ಹಾಕುತ್ತ ಕುಳಿತರೆ ಫಲಿತಾಂಶ ಬರುವಷ್ಟರಲ್ಲಿ ಅದು ಹಳತಾಗುತ್ತಿತ್ತು. ಯಂತ್ರ ಬೇಕಾಗಿತ್ತು, ಆದರೆ ಕೊಳ್ಳಲು ವಿದೇಶಿ ವಿನಿಮಯವಿಲ್ಲ. ಮಹಲನೋಬಿಸ್ ಕಾಯುತ್ತ ಕೂರಲಿಲ್ಲ. ಸಂಸ್ಥೆಯೊಳಗೆ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ಸ್ಥಾಪಿಸಿ ಸಮರೇಂದ್ರಕುಮಾರ ಮಿತ್ರ ಅವರಿಗೆ ಒಪ್ಪಿಸಿದರು. ಮಿತ್ರ ಮತ್ತು ಸೌಮ್ಯೇಂದ್ರಮೋಹನ ಬೋಸ್ ಎರಡನೆಯ ಮಹಾಯುದ್ಧದ ತರುವಾಯ ಮಾರಾಟಕ್ಕೆ ಬಂದಿದ್ದ ಗುಜರಿ ಬಿಡಿಭಾಗಗಳನ್ನು ಹೆಕ್ಕಿ ತಂದು, 1953ರಲ್ಲಿ ಅನಲಾಗ್ ಕಂಪ್ಯೂಟರೊಂದನ್ನು ಕಟ್ಟಿದರು. ಹತ್ತು ಅವ್ಯಕ್ತಗಳ ಸಮೀಕರಣಗಳನ್ನು ಅದು ಬಿಡಿಸುತ್ತಿತ್ತು.

ಬಳಿಕ ಇಂಗ್ಲೆಂಡಿನಿಂದ ಬಂದದ್ದು ಎಚ್‌ಇಸಿ-2ಎಂ ಎಂಬ ಡಿಜಿಟಲ್ ಯಂತ್ರ. ಅದರ ಸ್ಮರಣಶಕ್ತಿ 1,024 ಪದಗಳಷ್ಟು. ಇಂದು ಜೇಬಿನಲ್ಲಿರುವ ಸಾಧಾರಣ ಫೋನಿನ ಮುಂದೆ ಅದು ಸಮುದ್ರದ ಮುಂದಿನ ಹನಿ. ಆದರೂ 1956ರ ಭಾರತದಲ್ಲಿ ಅದು ಅದ್ಭುತ. ಯಂತ್ರ ಬರುವ ಮೊದಲೇ ಅದನ್ನು ಬಲ್ಲ ಕೈಗಳು ಇಲ್ಲಿ ಸಿದ್ಧವಾಗುತ್ತಿದ್ದವು ಎಂಬುದು ಗಮನಿಸಬೇಕಾದ ಸಂಗತಿ. 1950ರ ದಶಕದ ಕೊನೆಗೆ ಸೋವಿಯತ್ ಒಕ್ಕೂಟದ ಉರಾಲ್ ಯಂತ್ರವೂ ಸೇರಿಕೊಂಡಿತು. 1966ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ಜತೆಗೂಡಿ ಸಂಸ್ಥೆ ಟ್ರಾನ್ಸಿಸ್ಟರ್ ಆಧಾರಿತ ಐಎಸ್‌ಐಜೆಯು-1 ಗಣಕವನ್ನು ಇಲ್ಲೇ ನಿರ್ಮಿಸಿತು.

1959ರ ಕಾಯ್ದೆ ಸಂಸ್ಥೆಯನ್ನು ರಾಷ್ಟ್ರೀಯ ಮಹತ್ವದ್ದೆಂದು ಸಾರಿ, ಪದವಿ ನೀಡುವ ಅಧಿಕಾರ ಕೊಟ್ಟಿತು. 1962ರಲ್ಲಿ ಬೆಂಗಳೂರಿನಲ್ಲಿ ಎಸ್.ಆರ್. ರಂಗನಾಥನ್ ಅವರ ನೇತೃತ್ವದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾದದ್ದೂ ಇದೇ ಸಂಸ್ಥೆಯ ಅಂಗವಾಗಿ. ಮಾಹಿತಿಯನ್ನು ವರ್ಗೀಕರಿಸುವ, ಹುಡುಕಿ ತೆಗೆಯುವ ವಿದ್ಯೆ ಬೆಂಗಳೂರಿನಲ್ಲಿ ಬೇರೂರಿದ್ದು ಸಾಫ್ಟ್‌ವೇರ್ ಕಂಪನಿಗಳು ಬರುವುದಕ್ಕೆ ಎಷ್ಟೋ ಮೊದಲು.

ಕೊನೆಯ ದಿನಗಳು

ಮಹಲನೋಬಿಸ್ ವಿಮರ್ಶೆಗೆ ಅತೀತರಾಗಿರಲಿಲ್ಲ. ಭಾರಿ ಕೈಗಾರಿಕೆಗೆ ಆದ್ಯತೆ ನೀಡಿದ ಎರಡನೆಯ ಪಂಚವಾರ್ಷಿಕ ಯೋಜನೆಯ ವಿರುದ್ಧ 1955ರಲ್ಲಿಯೇ ಭಿನ್ನಮತದ ಟಿಪ್ಪಣಿ ಬರೆದವರು ದಕ್ಷಿಣ ಕನ್ನಡ ಮೂಲದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ. ಆ ಯೋಜನೆಯ ಅವಧಿಯಲ್ಲೇ ವಿದೇಶಿ ವಿನಿಮಯದ ಬಿಕ್ಕಟ್ಟು ತಲೆದೋರಿದಾಗ ಶೆಣೈ ಅವರ ಎಚ್ಚರಿಕೆ ಹಲವರ ನೆನಪಿಗೆ ಬಂತು.

ಯಂತ್ರದ ವಿಷಯದಲ್ಲೂ ದೇಶದ ಮನಸ್ಸು ಒಂದಾಗಿರಲಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಅದೇ ಕಲ್ಕತ್ತೆಯಲ್ಲಿ ಜೀವವಿಮಾ ನಿಗಮದ ನೌಕರರು ಕಂಪ್ಯೂಟರ್ ಅಳವಡಿಕೆಯನ್ನು ತಡೆಯಲು ಕಚೇರಿಯ ಕಟ್ಟಡವನ್ನೇ ಕಾವಲು ಕಾದರು. ತಮ್ಮ ಅನ್ನಕ್ಕೆ ಸಂಚಕಾರ ಬಂದೀತೆಂಬ ಅವರ ಅಂಜಿಕೆ ಅಸಹಜವಾದದ್ದಲ್ಲ. ಸಂಸ್ಥೆಯೊಂದರ ಅಂಗಳದಲ್ಲಿ ನಡೆದ ಕಲಿಕೆ ನಗರದ ಗುಮಾಸ್ತರವರೆಗೆ ತಲುಪಿರಲಿಲ್ಲ. ದೇಶೀಯ ಗಣಕಗಳು ವಾಣಿಜ್ಯ ಉತ್ಪಾದನೆಯ ಹಂತಕ್ಕೂ ಬೆಳೆಯಲಿಲ್ಲ. ಈ ಎರಡು ಕೊರತೆಗಳನ್ನು ಮರೆಮಾಚಬೇಕಾಗಿಲ್ಲ.

1968ರಲ್ಲಿ ಪದ್ಮವಿಭೂಷಣ ಗೌರವ ಸಂದಿತು. 1970ರಲ್ಲಿ ಮಾದರಿ ಸಮೀಕ್ಷೆಯನ್ನು ಸರ್ಕಾರ ಪುನಾರಚಿಸಿ ತನ್ನ ಸುಪರ್ದಿಗೆ ತೆಗೆದುಕೊಂಡಿತು. ತಾವು ಬೆಳೆಸಿದ ಕಾರ್ಯ ಸಂಸ್ಥೆಯಿಂದ ಬೇರ್ಪಡುವುದನ್ನು ಅವರು ಕಣ್ಣಾರೆ ಕಂಡರು. 1972ರ ಜೂನ್ 28ರಂದು, 79ನೇ ಹುಟ್ಟುಹಬ್ಬಕ್ಕೆ ಒಂದು ದಿನ ಉಳಿದಿರುವಾಗ, ನಿಧನರಾದರು. 2007ರಿಂದ ಅವರ ಜನ್ಮದಿನವನ್ನು ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವನ್ನಾಗಿ ಆಚರಿಸಲಾಗುತ್ತಿದೆ.

2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಶಾಲಾ ಶಿಕ್ಷಕರು ಮೊಬೈಲ್ ಆಪ್ ಹಿಡಿದು ಮನೆ ಮನೆಯ ಬಾಗಿಲು ತಟ್ಟಿದರು. ಕಾಗದದ ಜಾಗಕ್ಕೆ ಫೋನು ಬಂದಿತ್ತು. ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವ ಮನುಷ್ಯ ಬದಲಾಗಿರಲಿಲ್ಲ. ಆ ಮನುಷ್ಯನಿಗೆ ಉಪಕರಣ ಕೊಡುವುದು ಸುಲಭ. ಅವನು ಬರೆದದ್ದು ನಿಜವೇ ಎಂದು ಅವನೇ ಪರೀಕ್ಷಿಸಿಕೊಳ್ಳುವಂತೆ ಕಲಿಸುವುದು ಕಷ್ಟ. ಮಹಲನೋಬಿಸ್ ತಮ್ಮ ಆಯುಷ್ಯದ ಹೆಚ್ಚಿನ ಭಾಗವನ್ನು ವ್ಯಯಿಸಿದ್ದು ಆ ಕಷ್ಟದ ಕೆಲಸಕ್ಕೆ.