ಇಂದಿನ ಧಮ್ಮ ಚಿಂತನೆ: ಉಸಿರಿಗೆ ಅಪ್ಪಣೆ ಕೊಡದ ಎಲ್ಸಾ ಗಿಂಡ್ಲರ್



ಆನಾಪಾನಸತಿಗೆ ಕೂತಾಗಲೆಲ್ಲ ನಾನೊಂದು ತಪ್ಪು ಮಾಡುತ್ತಿದ್ದೆ. ಉಸಿರನ್ನು ಗಮನಿಸುವ ಬದಲು ತಿದ್ದಲು ಹೋಗುತ್ತಿದ್ದೆ. ಆಳವಾಗಲಿ, ನಿಧಾನವಾಗಲಿ ಎಂದು ಒತ್ತಾಯ ಮಾಡಿ, ಕೊನೆಗೆ ಎದೆ ಬಿಗಿದುಕೊಂಡು ಏಳುತ್ತಿದ್ದೆ. ಎಲ್ಸಾ ಗಿಂಡ್ಲರ್ ಅವರ ಬದುಕನ್ನು ಓದಿದ ಮೇಲೆ ಈ ತಪ್ಪು ನನಗೆ ಅರಿವಾಯಿತು.

ಎಲ್ಸಾ ಹುಟ್ಟಿದ್ದು 1885ರಲ್ಲಿ, ಜರ್ಮನಿಯ ಬರ್ಲಿನ್ ನಗರದಲ್ಲಿ. ದುಡಿದು ತಿನ್ನುವ ಮನೆತನ. ಯೌವನದಲ್ಲಿ ಅವರಿಗೆ ಕ್ಷಯ ತಗುಲಿತು. ಆಗ ಆ ರೋಗಕ್ಕೆ ಔಷಧಿ ಇರಲಿಲ್ಲ. ಅನುಕೂಲಸ್ಥರು ಸ್ವಿಟ್ಜರ್‌ಲೆಂಡಿನ ಬೆಟ್ಟಗಳ ಆರೋಗ್ಯಧಾಮಗಳಿಗೆ ಹೋಗುತ್ತಿದ್ದರು. ಎಲ್ಸಾ ಬಳಿ ಅಷ್ಟು ಹಣವಿರಲಿಲ್ಲ. ಅವರು ಮನೆಯಲ್ಲೇ ಇದ್ದು, ದಿನದ ಪ್ರತಿಯೊಂದು ಕೆಲಸದಲ್ಲೂ ತಮ್ಮ ಉಸಿರು ಹೇಗಿದೆ, ಎಲ್ಲಿ ಬಿಗಿಯುತ್ತಿದೆ ಎಂದು ಗಮನಿಸತೊಡಗಿದರು. ರೋಗ ತಗುಲಿದ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲಿ ಎಂಬುದು ಅವರ ಪ್ರಯತ್ನ. ಕ್ರಮೇಣ ಚೇತರಿಸಿಕೊಂಡರು. (ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಇಂದು ಕ್ಷಯಕ್ಕೆ ಒಳ್ಳೆಯ ಚಿಕಿತ್ಸೆ ಇದೆ.)

ವ್ಯಾಯಾಮ ಶಿಕ್ಷಕಿಯಾಗಿದ್ದ ಅವರು ತರಗತಿಯಲ್ಲಿ ಹೀಗೆ ಕೈ ಎತ್ತಿ, ಹಾಗೆ ಬಾಗಿ ಎಂದು ಹೇಳಿಕೊಡುವುದನ್ನು ಬಿಟ್ಟರು. ನಿಲ್ಲುವುದು, ಕೂರುವುದು, ಮಲಗುವುದು, ನಡೆಯುವುದು, ಇವೇ ಅಲ್ಲಿಯ ಪಾಠ. ಆಗ ದೇಹದಲ್ಲಿ ಏನು ನಡೆಯುತ್ತಿದೆ ಎಂದು ಪ್ರತಿಯೊಬ್ಬರೂ ತಾವೇ ಹುಡುಕಿಕೊಳ್ಳಬೇಕಿತ್ತು. ಒಬ್ಬರು ಕಂಡುಕೊಂಡ ದಾರಿ ಇನ್ನೊಬ್ಬರಿಗೆ ಮಾದರಿಯಲ್ಲ.

1933ರಲ್ಲಿ ನಾಜಿಗಳ ಆಳ್ವಿಕೆ ಬಂತು. ದೇಶವಿಡೀ ಭಯ ತುಂಬಿದ್ದಾಗಲೂ ಎಲ್ಸಾ ಪಾಠ ನಿಲ್ಲಿಸಲಿಲ್ಲ, ಯಹೂದಿ ವಿದ್ಯಾರ್ಥಿಗಳ ಕೈಬಿಡಲಿಲ್ಲ. ತಲೆಮರೆಸಿಕೊಂಡು ಬದುಕುತ್ತಿದ್ದವರಿಗೆ ಪ್ರಾಣದ ಹಂಗು ತೊರೆದು ನೆರವಾದರು. 1945ರಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಅವರ ತರಗತಿಯ ಜಾಗ ಸುಟ್ಟುಹೋಯಿತು. ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿಗಳೂ ಚಿತ್ರಗಳೂ ಬೂದಿಯಾದವು. ಅವರು ಮತ್ತೆ ಪಾಠ ಶುರುಮಾಡಿದರು. 1961ರಲ್ಲಿ ತೀರಿಕೊಂಡರು.

ಬರೆದಿಟ್ಟದ್ದು ಸುಟ್ಟರೂ ಕಲಿತವರು ಉಳಿದಿದ್ದರು. ಶಿಷ್ಯೆ ಷಾರ್ಲೊಟ್ ಸೆಲ್ವರ್ 1938ರಲ್ಲೇ ಅಮೆರಿಕ ಸೇರಿ ಅಲ್ಲಿ ಈ ಅಭ್ಯಾಸವನ್ನು ಕಲಿಸುತ್ತಿದ್ದರು. ಮನೋವಿಜ್ಞಾನಿ ಎರಿಕ್ ಫ್ರಾಮ್, ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್ ಅವರಲ್ಲಿ ಕಲಿತರು. ಮನಸ್ಸಿನ ನೋವನ್ನು ಮಾತಿನಿಂದಷ್ಟೇ ಅಲ್ಲ, ದೇಹದ ಮೂಲಕವೂ ಅರಿಯಬಹುದು ಎಂಬ ಇಂದಿನ ಚಿಕಿತ್ಸಾ ಪದ್ಧತಿಗಳ ಬೇರುಗಳಲ್ಲಿ ಎಲ್ಸಾ ಅವರ ಕೆಲಸವೂ ಒಂದು.

ಎಲ್ಸಾ ಬೌದ್ಧರಾಗಿರಲಿಲ್ಲ. ಆದರೂ ನಾವು ಕಾಯಾನುಪಸ್ಸನೆ ಎನ್ನುವುದು ಅವರ ಬದುಕಿನಲ್ಲಿ ನನಗೆ ಕಾಣುತ್ತದೆ. ಈಗಲೂ ಒಮ್ಮೊಮ್ಮೆ ಉಸಿರಿಗೆ ಅಪ್ಪಣೆ ಕೊಡಲು ಹೋಗುತ್ತೇನೆ. ಹಾಗೆ ಹೋದೆ ಎಂದು ತಿಳಿದ ಕೂಡಲೇ ಎದೆ ಸ್ವಲ್ಪ ಸಡಿಲವಾಗುತ್ತದೆ.

ಇಂದಿನ ಅಭ್ಯಾಸ: ಹಲ್ಲುಜ್ಜುವಾಗ, ಚಪ್ಪಲಿ ಹಾಕಿಕೊಳ್ಳುವಾಗ ಉಸಿರು ಹಿಡಿದಿದ್ದೇವೆಯೇ ಎಂದು ನೋಡೋಣ. ತಿದ್ದುವುದು ಬೇಡ, ಸುಮ್ಮನೆ ನೋಡೋಣ.

ಭವತು ಸಬ್ಬ ಮಂಗಲಂ 🪷